ಮೊದಲು ಭಾರ ಇಳಿಸಿ, ಆಮೇಲೆ ಮದ್ದು ಹಚ್ಚಿ

ಮಾಘ ಮಾಸ ಬಂತೆಂದರೆ ಕೊಟ್ಟೂರಿನ ದಾರಿಗಳೆಲ್ಲ ಪಾದಯಾತ್ರಿಗಳಿಂದ ತುಂಬಿಹೋಗುತ್ತವೆ. ಕೊಟ್ಟೂರೇಶ್ವರನ ತೇರಿಗೆಂದು ದಾವಣಗೆರೆ, ಹರಪನಹಳ್ಳಿಗಳ ಕಡೆಯಿಂದ ಹಗಲು ರಾತ್ರಿ ನಡೆದು ಬರುವವರಲ್ಲಿ ಬರಿಗಾಲಿನವರೂ ಇರುತ್ತಾರೆ. ಊರಿಗೆ ಮರಳಿದ ಮೇಲೆ ಅಂಗಾಲಿನ ಬೊಬ್ಬೆಗಳನ್ನು ಎಣಿಸಿಕೊಳ್ಳುವುದೂ ಆ ಯಾತ್ರೆಯ ಒಂದು ಭಾಗವೇ. ಹರೆಯದವರ ಬೊಬ್ಬೆ ಎಂಟು ಹತ್ತು ದಿನಗಳಲ್ಲಿ ಒಣಗಿ ಸಿಪ್ಪೆ ಏಳುತ್ತದೆ. ಆದರೆ ಅದೇ ಗುಂಪಿನಲ್ಲಿ ನಡೆದ, ಹತ್ತಾರು ವರ್ಷದಿಂದ ಸಕ್ಕರೆ ಕಾಯಿಲೆ ಇರುವ ಅಜ್ಜನೊಬ್ಬನ ಬೊಬ್ಬೆ ಯುಗಾದಿ ಕಳೆದರೂ ಮಾಯದೆ ಹುಣ್ಣಾಗಿ ಉಳಿಯಬಹುದು.

ಈಗ ಅದೇ ಓಣಿಯ ಇನ್ನೊಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಲ್ಲಿ ಲಕ್ವ ಹೊಡೆದು ಹೊರಸು ಹಿಡಿದ ಅಜ್ಜಿ ಇದ್ದಾಳೆ. ಆಕೆ ತೇರಿಗೆ ಹೋಗುವುದಿರಲಿ, ಹೊಸ್ತಿಲು ದಾಟಿಯೇ ನಾಲ್ಕು ತಿಂಗಳಾಯಿತು. ಆದರೂ ಆಕೆಯ ಟೊಂಕದ ಕೆಳಗೆ ರೂಪಾಯಿಯಗಲದ ಹುಣ್ಣು. ಒಬ್ಬರಿಗೆ ನಡೆದು ಹುಣ್ಣು, ಇನ್ನೊಬ್ಬರಿಗೆ ಮಲಗಿ ಹುಣ್ಣು! ಎರಡಕ್ಕೂ ಕಾರಣ ಒಂದೇ ಎಂದರೆ ನಂಬುವುದು ಕಷ್ಟ. ಆದರೆ ಅದು ನಿಜ. ಆ ಕಾರಣ ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲೇ ಇದೆ. ಅದರ ಹೆಸರು ಒತ್ತಡ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳನ್ನೊಳಗೊಂಡ ಕೋಗಳಿ ನಾಡು ಮಳೆಯನ್ನು ನಂಬಿದ ಸೀಮೆ. 2021ರಿಂದ ಈ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಗೆ ಸೇರಿವೆ. ಮಳೆ ಕೈಕೊಟ್ಟ ವರ್ಷ ದುಡಿಯುವ ವಯಸ್ಸಿನವರು ಬೆಂಗಳೂರಿಗೋ ಮಲೆನಾಡಿನ ಕಾಫಿ ತೋಟಗಳಿಗೋ ಗುಳೆ ಹೋಗುವುದು ಇಲ್ಲಿ ಹಳೆಯ ಮಾತು. ಮನೆಯಲ್ಲಿ ಉಳಿಯುವವರು ಮುದುಕರು ಮತ್ತು ಶಾಲೆಗೆ ಹೋಗುವ ಮಕ್ಕಳು. ಹೀಗಾಗಿ ಹಾಸಿಗೆ ಹಿಡಿದ ಹಿರಿಯರ ಆರೈಕೆಯ ಒಂದು ಪಾಲು ಎಂಟನೆಯ, ಒಂಬತ್ತನೆಯ ತರಗತಿಯ ಹುಡುಗ ಹುಡುಗಿಯರ ಮೇಲೂ ಬೀಳುತ್ತದೆ. ಅವರಿಗೆ ಈ ವಿಜ್ಞಾನ ತಿಳಿದಿದ್ದರೆ ಪರೀಕ್ಷೆಯ ಅಂಕಕ್ಕಿಂತ ದೊಡ್ಡ ಪ್ರಯೋಜನವಿದೆ.

ಉಗುರಿನ ಮೇಲೊಂದು ಪ್ರಯೋಗ

ನಿಮ್ಮ ಹೆಬ್ಬೆರಳಿನ ಉಗುರನ್ನು ಇನ್ನೊಂದು ಕೈಯ ಬೆರಳಿನಿಂದ ಒತ್ತಿ ಹಿಡಿಯಿರಿ. ನಸುಗೆಂಪಾಗಿದ್ದ ಉಗುರು ಬಿಳಿಚುತ್ತದೆ. ಬಿಟ್ಟೊಡನೆ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪೇರುತ್ತದೆ. ಉಗುರಿನಡಿಯ ಲೋಮನಾಳಗಳು ಒತ್ತಡಕ್ಕೆ ಮುಚ್ಚಿಕೊಂಡವು, ಒತ್ತಡ ಹೋದೊಡನೆ ತೆರೆದುಕೊಂಡವು, ಅಷ್ಟೆ. ಕೂದಲಿಗಿಂತ ಸಣ್ಣದಾದ ಈ ನಾಳಗಳ ಮೂಲಕವೇ ಚರ್ಮದ ಪ್ರತಿಯೊಂದು ಕೋಶಕ್ಕೂ ಆಮ್ಲಜನಕ ಮತ್ತು ಆಹಾರ ತಲುಪಬೇಕು.

ಈ ನಾಳಗಳೊಳಗೆ ರಕ್ತದ ಒತ್ತಡ ಎಷ್ಟಿರುತ್ತದೆ? 1930ರಲ್ಲಿ ಯೂಜೀನ್ ಲ್ಯಾಂಡಿಸ್ ಎಂಬ ವಿಜ್ಞಾನಿ ಮನುಷ್ಯನ ಉಗುರಿನ ಬುಡದ ಲೋಮನಾಳಗಳಿಗೆ ಅತಿ ಸಣ್ಣ ಗಾಜಿನ ನಳಿಕೆ ಚುಚ್ಚಿ ಅದನ್ನು ಅಳೆದರು. ಅಪಧಮನಿಯ ಕಡೆಯ ತುದಿಯಲ್ಲಿ ಅದು ಸುಮಾರು 32 ಮಿಲಿಮೀಟರ್ ಪಾದರಸದಷ್ಟಿತ್ತು. ಹೊರಗಿನಿಂದ ಇದಕ್ಕಿಂತ ಹೆಚ್ಚು ಒತ್ತಡ ಬಿದ್ದರೆ ನಾಳ ಮುಚ್ಚಿಕೊಳ್ಳುವ ಸಂಭವವಿದೆ ಎಂದಾಯಿತು. ಎಲ್ಲರ ದೇಹದಲ್ಲೂ, ಎಲ್ಲ ಜಾಗದಲ್ಲೂ ಈ ಅಂಕಿ ಒಂದೇ ಇರುವುದಿಲ್ಲ. ಅಂದಾಜಿಗೆ ಸಾಕು.

ಈಗ ಒಂದು ಲೆಕ್ಕ ಮಾಡೋಣ. ಅಂಗಾತ ಮಲಗಿದ ಅಜ್ಜಿಯ ಕಾಲಿನ ಭಾರದಲ್ಲಿ ಒಂದು ಕಿಲೋಗ್ರಾಂ ಮಾತ್ರ ಹಿಮ್ಮಡಿಯ ಮೇಲೆ ಬಿದ್ದಿದೆ, ಹಿಮ್ಮಡಿ ಹಾಸಿಗೆಗೆ ತಾಗಿರುವ ಜಾಗ 10 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. 9.8 ನ್ಯೂಟನ್ ಬಲವನ್ನು 0.001 ಚದರ ಮೀಟರಿನಿಂದ ಭಾಗಿಸಿದರೆ 9,800 ಪ್ಯಾಸ್ಕಲ್. ಒಂದು ಮಿಲಿಮೀಟರ್ ಪಾದರಸ ಎಂದರೆ ಸುಮಾರು 133 ಪ್ಯಾಸ್ಕಲ್. ಹಾಗಾದರೆ ಹಿಮ್ಮಡಿಯ ಮೇಲಿನ ಒತ್ತಡ ಸುಮಾರು 74 ಮಿಲಿಮೀಟರ್. 32ರ ಎರಡು ಪಟ್ಟಿಗೂ ಹೆಚ್ಚು! ಬರಿ ಒಂದು ಕಿಲೋ ಭಾರಕ್ಕೆ ಇಷ್ಟು. ಟೊಂಕದ ಮೇಲೆ ಬೀಳುವ ಭಾರ ಇನ್ನೂ ಹೆಚ್ಚಿನದು.

ಹಾಗಿದ್ದರೆ ರಾತ್ರಿಯೆಲ್ಲ ಮಲಗುವ ನಮಗೇಕೆ ಹುಣ್ಣಾಗುವುದಿಲ್ಲ? ನಾವು ಮಲಗಿದಲ್ಲೇ ಮಲಗುವುದಿಲ್ಲ. ಒಂದು ಕಡೆ ನೋವು, ಜೋಮು ಆರಂಭವಾದೊಡನೆ ನಿದ್ದೆಯಲ್ಲೇ ಮಗ್ಗುಲು ಬದಲಿಸುತ್ತೇವೆ. ನಮಗೆ ಅದರ ಅರಿವೂ ಇರುವುದಿಲ್ಲ. ಲಕ್ವ ಹೊಡೆದವರಿಗೆ, ತೊಡೆಯ ಮೂಳೆ ಮುರಿದವರಿಗೆ, ಬಹಳ ನಿಶ್ಶಕ್ತರಿಗೆ ಆ ಹೊರಳಾಟ ಸಾಧ್ಯವಿಲ್ಲ. 1959ರಲ್ಲಿ ಮೈಕೆಲ್ ಕೋಸಿಯಾಕ್ ಎಂಬ ವೈದ್ಯರು ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ 70 ಮಿಲಿಮೀಟರ್ ಪಾದರಸದ ಒತ್ತಡ ಎರಡು ತಾಸಿಗಿಂತ ಹೆಚ್ಚು ಹೊತ್ತು ಒಂದೇ ಕಡೆ ಬಿದ್ದರೆ ಅಂಗಾಂಶ ಮತ್ತೆ ಸರಿಪಡಿಸಲಾಗದಷ್ಟು ಕೆಡುವುದು ಕಂಡಿತು. ಹೆಚ್ಚು ಒತ್ತಡ ಕಡಿಮೆ ಹೊತ್ತಿನಲ್ಲಿ ಮಾಡುವ ಕೇಡನ್ನು ಕಡಿಮೆ ಒತ್ತಡ ಹೆಚ್ಚು ಹೊತ್ತಿನಲ್ಲಿ ಮಾಡುತ್ತದೆ.

ಹಣೆಬರಹವೇ, ಆರೈಕೆಯೇ?

"ಬೆನ್ನು ಹುಣ್ಣಾದ ಮೇಲೆ ಇನ್ನು ಉಳಿಯುವುದಿಲ್ಲ" ಎಂದು ಹಳ್ಳಿಗಳಲ್ಲಿ ಪಿಸುಮಾತಿನಲ್ಲಿ ಆಡುವುದುಂಟು. ಇದು ನಮ್ಮ ಹಳ್ಳಿಗಳ ಮಾತು ಮಾತ್ರವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಪ್ರಸಿದ್ಧ ನರರೋಗ ತಜ್ಞ ಝಾನ್ ಮಾರ್ಟಿನ್ ಶಾರ್ಕೊ ಕೂಡ ಹೀಗೇ ಭಾವಿಸಿದ್ದರು. ಮಿದುಳು, ಬೆನ್ನುಹುರಿಗಳಿಗೆ ಪೆಟ್ಟಾದಾಗ ಹುಣ್ಣು ತಾನಾಗಿ ಹುಟ್ಟುತ್ತದೆ, ಅದು ಸಾವಿನ ಮುನ್ಸೂಚನೆ ಎಂಬುದು ಅವರ ಅಭಿಪ್ರಾಯ. ಆದರೆ ಅದಕ್ಕೆ ಮೊದಲೇ, 1850ರ ದಶಕದಲ್ಲಿ, ಬ್ರೌನ್ ಸೆಕಾರ್ ಎಂಬ ವಿಜ್ಞಾನಿ ಗಿನಿಯಿಲಿಗಳ ಬೆನ್ನುಹುರಿ ಕತ್ತರಿಸಿ ನೋಡಿದ್ದರು. ಒಂದೇ ಕಡೆ ಭಾರ ಬೀಳದಂತೆ, ಮಲಮೂತ್ರದ ತೇವ ನಿಲ್ಲದಂತೆ ನೋಡಿಕೊಂಡ ಪ್ರಾಣಿಗಳಲ್ಲಿ ಹುಣ್ಣು ಆಗಲಿಲ್ಲ. ಕಾಲಿಗೆ ಸ್ಪರ್ಶವಿಲ್ಲದಿದ್ದರೂ ಆಗಲಿಲ್ಲ. ಹುಣ್ಣು ಹಣೆಬರಹವಲ್ಲ ಎಂಬುದನ್ನು ಮೊದಲು ತೋರಿಸಿದ ಪ್ರಯೋಗಗಳಲ್ಲಿ ಇದೊಂದು. ದಾದಿಯರ ವೃತ್ತಿಗೆ ಗೌರವ ತಂದ ಫ್ಲಾರೆನ್ಸ್ ನೈಟಿಂಗೇಲ್ ಕೂಡ 1859ರ ತಮ್ಮ ಪುಸ್ತಕದಲ್ಲಿ ಹಾಸಿಗೆ ಹುಣ್ಣಿಗೆ ಸಾಮಾನ್ಯವಾಗಿ ರೋಗವಲ್ಲ, ಆರೈಕೆಯ ಕೊರತೆಯೇ ಕಾರಣ ಎಂಬ ನಿಲುವು ತಳೆದರು.

ಇದರರ್ಥ, ಹುಣ್ಣಾದ ಮನೆಯವರನ್ನೆಲ್ಲ ದೂರಬೇಕೆಂದಲ್ಲ. ಕೊನೆಯ ದಿನಗಳಲ್ಲಿ, ದೇಹ ಪೂರ್ತಿ ಸೋತಾಗ, ಎಷ್ಟು ನೋಡಿಕೊಂಡರೂ ಹುಣ್ಣಾಗುವುದುಂಟು. ಹಣವಂತರಿಗೂ ಇದು ತಪ್ಪಿದ್ದಲ್ಲ. ಸೂಪರ್‌ಮ್ಯಾನ್ ಪಾತ್ರದಿಂದ ಜಗತ್ತಿಗೆಲ್ಲ ಪರಿಚಿತರಾಗಿದ್ದ ಅಮೆರಿಕದ ನಟ ಕ್ರಿಸ್ಟೋಫರ್ ರೀವ್ 1995ರಲ್ಲಿ ಕುದುರೆಯಿಂದ ಬಿದ್ದು ಕತ್ತಿನಿಂದ ಕೆಳಗೆ ಸ್ವಾಧೀನ ಕಳೆದುಕೊಂಡರು. ಒಂಬತ್ತು ವರ್ಷ ಒಳ್ಳೆಯ ಆರೈಕೆಯಲ್ಲಿದ್ದರು. 2004ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡಾಗ ಒತ್ತಡದ ಹುಣ್ಣೊಂದರ ಸೋಂಕಿಗೆ ಚಿಕಿತ್ಸೆ ಪಡೆಯುತ್ತಿದ್ದರು. ಈ ಹುಣ್ಣನ್ನು ಹಗುರವಾಗಿ ಎಣಿಸಬಾರದು, ಕೈಚೆಲ್ಲಿಯೂ ಕೂರಬಾರದು ಎಂಬುದಕ್ಕೆ ಇಷ್ಟು ಸಾಕು.

ಕೆಂಪು ಕಾಣದ ಚರ್ಮ

ಒತ್ತಡದ ಹುಣ್ಣು ಒಂದೇ ದಿನದಲ್ಲಿ ಗುಂಡಿಯಾಗುವುದಿಲ್ಲ. ಮೊದಲ ಹಂತದಲ್ಲಿ ಚರ್ಮ ಒಡೆದಿರುವುದೇ ಇಲ್ಲ. ಒಂದು ಕಡೆ ಕೆಂಪಾಗಿರುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೂ ಬಿಳಿಚುವುದಿಲ್ಲ. ಎರಡನೆಯ ಹಂತದಲ್ಲಿ ಮೇಲ್ಚರ್ಮ ಸುಲಿಯುತ್ತದೆ, ಇಲ್ಲವೆ ನೀರ್ಗುಳ್ಳೆ ಏಳುತ್ತದೆ. ಮೂರನೆಯದರಲ್ಲಿ ಚರ್ಮದಡಿಯ ಕೊಬ್ಬಿನವರೆಗೆ, ನಾಲ್ಕನೆಯದರಲ್ಲಿ ಸ್ನಾಯು ಅಥವಾ ಮೂಳೆಯವರೆಗೆ ಕುಳಿ ಬೀಳುತ್ತದೆ. ಮೊದಲ ಹಂತದಲ್ಲೇ ಭಾರ ಇಳಿಸಿದರೆ ಕೆಲವು ದಿನಗಳಲ್ಲಿ ಸರಿಹೋಗುವುದು, ನಾಲ್ಕನೆಯ ಹಂತಕ್ಕೆ ಹೋದರೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ನಮ್ಮ ಕಡೆಯವರ ಕಂದು ಚರ್ಮದಲ್ಲಿ ಆ ಕೆಂಪು ಎದ್ದು ಕಾಣುವುದಿಲ್ಲ ಎಂಬುದನ್ನು ನೆನಪಿಡಬೇಕು. ಆದ್ದರಿಂದ ಕಣ್ಣಿನ ಜೊತೆಗೆ ಕೈಯಿಂದಲೂ ನೋಡಬೇಕು. ಸುತ್ತಲಿನ ಚರ್ಮಕ್ಕಿಂತ ಒಂದು ಜಾಗ ಹೆಚ್ಚು ಕಪ್ಪಾಗಿ ಅಥವಾ ನೇರಳೆಯಾಗಿ ಕಾಣುತ್ತದೆಯೇ? ಮುಟ್ಟಿದರೆ ಬಿಸಿಯಾಗಿದೆಯೇ, ತಣ್ಣಗಿದೆಯೇ? ಗಟ್ಟಿಯಾಗಿದೆಯೇ, ಇಲ್ಲವೆ ಹಣ್ಣಾದ ಕಾಯಿಯಂತೆ ಮೆತ್ತಗಾಗಿದೆಯೇ? ಅಲ್ಲಿ ನೋವಿದೆಯೇ? ಇವುಗಳಲ್ಲಿ ಒಂದಿದ್ದರೂ ಆ ಜಾಗದ ಮೇಲಿನ ಭಾರ ಅಂದೇ ಇಳಿಯಬೇಕು. ಹಾಗೆಂದು ಅದನ್ನು ಎಣ್ಣೆ ಹಾಕಿ ತಿಕ್ಕಬಾರದು. ಒಳಗೆ ಮೊದಲೇ ನಲುಗಿರುವ ನಾಳಗಳು ತಿಕ್ಕಿದರೆ ಹರಿಯುತ್ತವೆ.

ದಿನಕ್ಕೊಮ್ಮೆ, ಮೈ ತೊಳೆಯುವ ಹೊತ್ತಿಗೆ, ಹಿಂದಲೆ, ಬೆನ್ನಿನ ರೆಕ್ಕೆ ಎಲುಬು, ಮೊಣಕೈ, ಟೊಂಕ, ಚಪ್ಪೆ, ಮಂಡಿಯ ಒಳಮಗ್ಗುಲು, ಕಾಲಗಿಣ್ಣು, ಹಿಮ್ಮಡಿ ಇಷ್ಟನ್ನೂ ನೋಡುವುದು ಎರಡು ನಿಮಿಷದ ಕೆಲಸ. ಅಜ್ಜಿಗೆ ಮೊಮ್ಮಗನ ಮುಂದೆ ಸಂಕೋಚವಾಗುವುದು ಸಹಜ. "ಬ್ಯಾಡ ಬಿಡಪ್ಪ, ನಂಗೇನೂ ಆಗಿಲ್ಲ" ಎನ್ನುತ್ತಾಳೆ. ಆಗ ಮೊಮ್ಮಗಳೋ ಸೊಸೆಯೋ ನೋಡಲಿ. ಆದರೆ ಯಾರಾದರೂ ನೋಡಲೇಬೇಕು.

ಗಡಿಯಾರ ಮತ್ತು ದಿಂಬು

ಆಸ್ಪತ್ರೆಗಳಲ್ಲಿ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು ಹಳೆಯ ರೂಢಿ. ಒಳ್ಳೆಯ ಹಾಸಿಗೆ ಇದ್ದು ಚರ್ಮ ಚೆನ್ನಾಗಿದ್ದರೆ ರಾತ್ರಿ ಹೊತ್ತು ಈ ಅಂತರವನ್ನು ಹೆಚ್ಚಿಸಬಹುದು. ಎಷ್ಟೆಂಬುದನ್ನು ವೈದ್ಯರು ಅಥವಾ ನರ್ಸ್ ಹೇಳುತ್ತಾರೆ. ಕೂಲಿಗೆ ಹೋಗುವವರ ಮನೆಯಲ್ಲಿ ಗಡಿಯಾರ ನೋಡುತ್ತ ಕೂರಲು ಯಾರಿಗೂ ಪುರುಸೊತ್ತಿಲ್ಲ. ಅದಕ್ಕೆ ದಿನದ ಕೆಲಸಗಳಿಗೇ ಇದನ್ನು ಗಂಟು ಹಾಕಬೇಕು. ಎದ್ದಾಗ ಒಮ್ಮೆ, ಚಹಾ ಕೊಟ್ಟಾಗ ಒಮ್ಮೆ, ಶಾಲೆಗೆ ಹೊರಡುವಾಗ ಒಮ್ಮೆ, ಪಕ್ಕದ ಮನೆಯವರು ಊಟ ಕೊಟ್ಟಾಗ ಒಮ್ಮೆ, ಶಾಲೆ ಬಿಟ್ಟು ಬಂದಾಗ ಒಮ್ಮೆ, ದೀಪ ಹಚ್ಚಿದಾಗ ಒಮ್ಮೆ. ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಗೆರೆ ಎಳೆದು "ಎಡ, ಬೆನ್ನು, ಬಲ" ಎಂದು ಬರೆದು ಗೋಡೆಗೆ ಅಂಟಿಸಿದರೆ, ಮುಂದಿನವರಿಗೆ ಹಿಂದಿನವರು ಯಾವ ಮಗ್ಗುಲಿಗೆ ಮಲಗಿಸಿದ್ದರೆಂದು ಗೊತ್ತಾಗುತ್ತದೆ.

ಮಗ್ಗುಲಿಗೆ ಮಲಗಿಸುವಾಗ ಪೂರ್ತಿ ತೊಂಬತ್ತು ಡಿಗ್ರಿ ತಿರುಗಿಸಿದರೆ ಭಾರವೆಲ್ಲ ಚಪ್ಪೆಯ ಮೂಳೆಯ ಮೇಲೆ ಬೀಳುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿಯಷ್ಟು ವಾಲಿಸಿದರೆ ಸಾಕು. ಎರಡು ಮಂಡಿಗಳ ನಡುವೆ ಮಡಿಸಿದ ಸೀರೆಯೊಂದು ಇರಲಿ. ಹಿಮ್ಮಡಿಗಂತೂ ಬಹಳ ಸುಲಭದ ಉಪಾಯವಿದೆ. ಮೀನಖಂಡದ ಉದ್ದಕ್ಕೂ ದಿಂಬು ಕೊಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗದೆ ಗಾಳಿಯಲ್ಲಿ ನಿಲ್ಲುತ್ತದೆ. ತಾಗದ ಜಾಗದಲ್ಲಿ ಒತ್ತಡ ಸೊನ್ನೆ!

ಬಹಳ ಮನೆಗಳಲ್ಲಿ ಹುಣ್ಣಿನ ಸುತ್ತ ಬಟ್ಟೆಯ ಸಿಂಬಿ ಮಾಡಿ ಇಡುತ್ತಾರೆ. ಕೊಡ ಹೊರುವವರ ತಲೆಗೆ ಸಿಂಬಿ ಸುಖವೆಂದು ಇಲ್ಲಿಯೂ ಸುಖವೆಂಬ ಎಣಿಕೆ. ಆದರೆ ಇಲ್ಲಿ ಸಿಂಬಿ ಹುಣ್ಣಿನ ಸುತ್ತಲಿನ ಚರ್ಮವನ್ನು ಬಳೆಯಂತೆ ಒತ್ತುತ್ತದೆ. ನಡುವಿನ ಜಾಗಕ್ಕೆ ರಕ್ತ ಬರುವ ದಾರಿಯನ್ನೇ ಅಡ್ಡಗಟ್ಟುತ್ತದೆ. ಈ ಕಾರಣದಿಂದ ಸಿಂಬಿಯನ್ನೂ ಟ್ಯೂಬಿನಂಥ ರಬ್ಬರ್ ಬಳೆಯನ್ನೂ ಈಗ ಬೇಡವೆನ್ನುತ್ತಾರೆ. ಅಂಗಡಿಗಳಲ್ಲಿ ಸಿಗುವ ಗಾಳಿ ಹಾಸಿಗೆ ಒಳ್ಳೆಯದೇ. ಅದರ ಅರೆಗಳು ಸರದಿಯಂತೆ ಉಬ್ಬಿ ಇಳಿದು ಒತ್ತಡದ ಜಾಗವನ್ನು ಬದಲಿಸುತ್ತವೆ. ಆದರೆ ಅದು ಬಂದಿತೆಂದು ಹೊರಳಿಸುವುದನ್ನು ನಿಲ್ಲಿಸುವಂತಿಲ್ಲ. ಕರೆಂಟು ಹೋದಾಗ ಅದು ನೆನಪಾದರೆ ಸಾಲದು.

ಕೌದಿಯ ಮಡಿಕೆ, ಹೊಲಿಗೆಯ ಗಂಟು, ರೊಟ್ಟಿಯ ಚೂರು ಇವೂ ವಯಸ್ಸಾದ ಚರ್ಮಕ್ಕೆ ಮುಳ್ಳೇ. ವಯಸ್ಸಾದಂತೆ ಚರ್ಮ ತೆಳುವಾಗುತ್ತದೆ, ಅದರಡಿಯ ಕೊಬ್ಬಿನ ಮೆತ್ತೆ ಕರಗುತ್ತದೆ, ಮೇಲ್ಪದರ ಒಳಪದರಗಳ ಹಿಡಿತ ಸಡಿಲವಾಗುತ್ತದೆ. ಹೊರಸಿನ ಮೇಲೆ ಕೆಳಗೆ ಜಾರಿದ ಅಜ್ಜನನ್ನು ತೋಳು ಹಿಡಿದು ದರದರ ಎಳೆದರೆ ಚರ್ಮ ಹಾಸಿಗೆಗೆ ಅಂಟಿ ಅಲ್ಲೇ ಉಳಿಯುತ್ತದೆ, ಒಳಗಿನ ಮೂಳೆ ಮಾತ್ರ ಮುಂದೆ ಬರುತ್ತದೆ. ನಡುವೆ ನಾಳಗಳು ಹರಿಯುತ್ತವೆ. ಮೈಯಡಿ ಅಡ್ಡಲಾಗಿ ಒಂದು ಗಟ್ಟಿ ಬಟ್ಟೆ ಹಾಸಿ, ಇಬ್ಬರು ಎರಡೂ ಕಡೆ ಹಿಡಿದು ಎತ್ತಿ ಸರಿಸುವುದೇ ಸರಿಯಾದ ಕ್ರಮ. ಮೂತ್ರ ಮಲದ ತೇವವನ್ನು ಕೂಡಲೇ ತೊಳೆದು, ಒತ್ತಿ ಒರೆಸಿ, ತೆಳ್ಳಗೆ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಸವರಬೇಕು.

ನೋವಿಲ್ಲದ ಕಾಲಿನ ಅಪಾಯ

ಈಗ ಪಾದಯಾತ್ರೆಯ ಅಜ್ಜನ ಕಡೆ ಬರೋಣ. ಅಜ್ಜನಿಗೆ ನಡೆಯುವ ಶಕ್ತಿಯಿದೆ. ಇಲ್ಲದಿರುವುದು ನೋವಿನ ಅರಿವು. ಬಹುಕಾಲದ ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ಸವೆಸುತ್ತದೆ. ಬೊಬ್ಬೆ ಎದ್ದರೂ ಮುಳ್ಳು ಮುರಿದರೂ ಗೊತ್ತಾಗದೆ ಅದೇ ಜಾಗದ ಮೇಲೆ ಹೆಜ್ಜೆ ಹೆಜ್ಜೆಗೂ ಮೈಭಾರ ಹಾಕುತ್ತಾನೆ.

ಇದನ್ನು ಜಗತ್ತಿಗೆ ಮನಗಾಣಿಸಿದ್ದು ನಮ್ಮ ನೆರೆಯ ತಮಿಳುನಾಡಿನ ವೆಲ್ಲೂರಿನಲ್ಲಿ. ಕೊಲ್ಲಿ ಬೆಟ್ಟಗಳಲ್ಲಿ ಹುಟ್ಟಿದ ಡಾ. ಪಾಲ್ ಬ್ರಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಶಸ್ತ್ರವೈದ್ಯರಾಗಿ ಬಂದರು. ಕುಷ್ಠರೋಗಿಗಳ ಕಾಲು ರೋಗದಿಂದ ತಾನಾಗಿ ಕೊಳೆಯುತ್ತದೆ ಎಂದೇ ಆಗ ಎಲ್ಲರ ನಂಬಿಕೆ. ಬ್ರಾಂಡ್ ಮತ್ತು ಅವರ ಸಂಗಡಿಗರು ಕಂಡದ್ದು ಬೇರೆ. ಮಾಂಸ ಕೆಟ್ಟದ್ದಲ್ಲ, ನೋವಿಲ್ಲದ್ದರಿಂದ ರೋಗಿ ಅದರ ಮೇಲೆ ನಡೆದು ನಡೆದು ಕೆಡಿಸಿಕೊಳ್ಳುತ್ತಾನೆ. ಭಾರ ಬೀಳದಂತೆ ಪ್ಲಾಸ್ಟರ್ ಕಟ್ಟಿ ಕೂರಿಸಿದರೆ ವರ್ಷಗಳ ಹುಣ್ಣೂ ಮಾಯುತ್ತಿತ್ತು. ಅಲ್ಲಿಂದ ಮೆತ್ತನೆಯ ರಬ್ಬರಿನ ವಿಶೇಷ ಚಪ್ಪಲಿಗಳು ಬಳಕೆಗೆ ಬಂದವು. 1966ರಲ್ಲಿ ಬ್ರಾಂಡ್ ಅಮೆರಿಕಕ್ಕೆ ಹೋದ ಮೇಲೆ ಇದೇ ತಿಳಿವು ಅಲ್ಲಿನ ಸಕ್ಕರೆ ಕಾಯಿಲೆಯವರ ಕಾಲುಗಳನ್ನು ಉಳಿಸಲು ನೆರವಾಯಿತು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯನ್ನು ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ವೈದ್ಯರು 2011ರಲ್ಲಿ ಪ್ರಕಟಿಸಿದರು. ಇದಕ್ಕೆ ಯಾವ ಉಪಕರಣವೂ ಬೇಡ. ಅಜ್ಜನಿಗೆ ಕಣ್ಣು ಮುಚ್ಚಲು ಹೇಳಿ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬಾರದು, ಕಚಗುಳಿ ಇಡಬಾರದು. ಮುಟ್ಟಿದ್ದು ತಿಳಿದಾಗ ಎಡ, ಬಲ ಎಂದು ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳುಗಳಲ್ಲಿ ತಿಳಿಯದಿದ್ದರೆ ಆ ಕಾಲಿಗೆ ಅಪಾಯವಿದೆ. ವೈದ್ಯರಿಗೆ ತೋರಿಸಬೇಕು. ಅಂಥವರು ಹೊಲದಲ್ಲಾಗಲಿ ಅಂಗಳದಲ್ಲಾಗಲಿ ಬರಿಗಾಲಿನಲ್ಲಿ ನಡೆಯಬಾರದು. ಚಪ್ಪಲಿ ಮೆಟ್ಟುವ ಮೊದಲು ಒಳಗೆ ಕೈಯಾಡಿಸಿ ಕಲ್ಲು ಮುಳ್ಳು ನೋಡಬೇಕು. ಆಣಿಯನ್ನು ಬ್ಲೇಡಿನಿಂದ ಕೆತ್ತಬಾರದು. ಕಾಲು ಜೋಮಿಗೆಂದು ಬಿಸಿನೀರಿನಲ್ಲಿ ಇಡಬಾರದು. ನೀರು ಎಷ್ಟು ಬಿಸಿ ಎಂಬುದೇ ಆ ಕಾಲಿಗೆ ತಿಳಿಯದು. ತೇರಿಗೆ ಹೋಗಲೇಬೇಕೆಂದರೆ ಬಸ್ಸಿನಲ್ಲಿ ಹೋದರೂ ದರ್ಶನವಾಗುತ್ತದೆ.

ಮೂರನೆಯದೊಂದು ಬಗೆಯ ಹುಣ್ಣಿನಲ್ಲಿ ಒತ್ತಡ ಒಳಗಿನಿಂದ ಬರುತ್ತದೆ. ಸುಮ್ಮನೆ ನಿಂತಾಗ ಕಾಲಗಿಣ್ಣಿನ ಬಳಿ ಅಭಿಧಮನಿಯಲ್ಲಿ ಸುಮಾರು 90 ಮಿಲಿಮೀಟರ್ ಪಾದರಸದ ಒತ್ತಡವಿರುತ್ತದೆ. ಹೃದಯದವರೆಗಿನ ರಕ್ತದ ಕಂಬದ ಭಾರವದು. ನಡೆದಾಗ ಮೀನಖಂಡದ ಸ್ನಾಯುಗಳು ಹಿಂಡಿ ರಕ್ತವನ್ನು ಮೇಲಕ್ಕೆ ದೂಡುತ್ತವೆ, ಒತ್ತಡ ಇಳಿಯುತ್ತದೆ. ನಾಳದೊಳಗಿನ ಕವಾಟಗಳು ಹಾಳಾದರೆ ರಕ್ತ ಕೆಳಗೇ ನಿಂತು, ನಾಳಗಳು ಉಬ್ಬಿ, ಕಾಲಗಿಣ್ಣಿನ ಮೇಲೆ ಚರ್ಮ ಕಪ್ಪಾಗಿ ಕೊನೆಗೆ ಒಡೆಯುತ್ತದೆ. ಕಾಲನ್ನು ಎದೆಗಿಂತ ಎತ್ತರದಲ್ಲಿಟ್ಟು ಮಲಗುವುದು, ಬಿಗಿ ಪಟ್ಟಿ ಕಟ್ಟುವುದು ಇದಕ್ಕೆ ಚಿಕಿತ್ಸೆ. ಆದರೆ ಪಟ್ಟಿಯನ್ನು ತಾವೇ ಕಟ್ಟಿಕೊಳ್ಳಬಾರದು. ಅಪಧಮನಿಯಲ್ಲಿ ಅಡಚಣೆಯಿದ್ದರೆ ಬಿಗಿಪಟ್ಟಿ ಕಾಲಿಗೇ ಕೇಡು. ಮೊದಲು ವೈದ್ಯರು ನಾಡಿ ನೋಡಿ ಹೇಳಬೇಕು.

ಒಣಗಿಸಬೇಕೇ, ಹಸಿಯಾಗಿಡಬೇಕೇ?

"ಗಾಳಿಗೆ ಬಿಡು, ಒಣಗಲಿ" ಎಂಬುದು ಎಲ್ಲ ಮನೆಗಳ ಸಲಹೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲೆ ಮಾಡಿದ ಸಣ್ಣ ಗಾಯಗಳಲ್ಲಿ ಕೆಲವನ್ನು ಗಾಳಿಗೆ ಬಿಟ್ಟು, ಕೆಲವನ್ನು ಪಾಲಿಥಿನ್ ಹಾಳೆಯಿಂದ ಮುಚ್ಚಿದರು. ಮುಚ್ಚಿದ ಗಾಯಗಳಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹಬ್ಬಿತು. ಕಾರಣ ಸರಳ. ಅಂಚಿನಿಂದ ಹೊಸ ಕೋಶಗಳು ನಡುವಿಗೆ ತೆವಳಬೇಕು. ಹಸಿ ನೆಲದ ಮೇಲೆ ಅವು ಸಲೀಸಾಗಿ ಸಾಗುತ್ತವೆ. ಒಣಗಿ ಹಕ್ಕಳೆ ಕಟ್ಟಿದರೆ ಅದರಡಿ ದಾರಿ ಕೊರೆದುಕೊಂಡು ಹೋಗಬೇಕು. ಹಸಿ ಎಂದರೆ ಕೀವು ಸೋರುವ ಕೆಸರಲ್ಲ, ಬೀಜ ಮೊಳೆಯುವ ಹದ. ರೈತರ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕಾಲಿಗೆ ರಕ್ತವೇ ಬರದೆ ಕಪ್ಪಾಗಿ ಒಣಗಿದ ಬೆರಳಿಗೆ ಮಾತ್ರ ಈ ಮಾತು ಸಲ್ಲದು. ಅದನ್ನು ಒಣದಾಗಿಯೇ ಇಟ್ಟು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಗಾಯ ತೊಳೆಯಲು ಕಾಯಿಸಿ ಆರಿಸಿದ ಉಪ್ಪುನೀರು ಸಾಕು. ಒಂದು ಲೀಟರ್ ನೀರಿಗೆ 9 ಗ್ರಾಂ, ಅಂದರೆ ಸಮತಟ್ಟಾದ ಸುಮಾರು ಒಂದೂವರೆ ಟೀ ಚಮಚ ಉಪ್ಪು ಹಾಕಿ ಹತ್ತು ನಿಮಿಷ ಕುದಿಸಿ, ಮುಚ್ಚಿಟ್ಟು, ಅದೇ ದಿನ ಬಳಸಬೇಕು. ದೇಹದ ದ್ರವಕ್ಕೆ ಸಮನಾದ ಉಪ್ಪಿರುವುದರಿಂದ ಇದು ಕೋಶಗಳನ್ನು ಉಬ್ಬಿಸುವುದೂ ಇಲ್ಲ, ಹಿಂಡುವುದೂ ಇಲ್ಲ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ಡೆಟಾಲ್‌ಗಳನ್ನು ದಿನಾ ಸುರಿದರೆ ರೋಗಾಣುಗಳ ಜೊತೆಗೆ ಹೊಸದಾಗಿ ಹುಟ್ಟುತ್ತಿರುವ ಕೋಶಗಳೂ ಸಾಯುತ್ತವೆ. ಸುಣ್ಣ, ಬೂದಿ, ಕಾಫಿಪುಡಿ, ತಂಬಾಕುಗಳ ಮಾತಂತೂ ಬೇಡ. ಕೈ ಸಾಬೂನಿನಿಂದ ತೊಳೆದು, ಶುದ್ಧವಾದ ಗಾಜ್ ಬಟ್ಟೆ ಮುಚ್ಚಿ, ನೊಣ ಕೂರದಂತೆ ನೋಡಿಕೊಳ್ಳಬೇಕು. ನೊಣ ಮೊಟ್ಟೆಯಿಟ್ಟರೆ ಹುಳು ಬೀಳುತ್ತದೆ.

ಜೇನಿನ ಬಗ್ಗೆ ಕೇಳುವವರುಂಟು. ಕನ್ನಡಿಗರು ಬಹಳಷ್ಟಿರುವ ನೆರೆಯ ಸೊಲ್ಲಾಪುರದ ಡಾ. ಎಂ. ಸುಬ್ರಹ್ಮಣ್ಯಂ ಸುಟ್ಟ ಗಾಯಗಳಿಗೆ ಜೇನು ಲೇಪಿಸಿ ಕಂಡ ಫಲಿತಾಂಶವನ್ನು 1991ರಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಅದು ಜಗತ್ತಿನ ಗಮನ ಸೆಳೆಯಿತು. ಈಗ ಶುದ್ಧೀಕರಿಸಿದ ವೈದ್ಯಕೀಯ ಜೇನೇ ಸಿಗುತ್ತದೆ. ಆದರೆ ಅಡುಗೆಮನೆಯ ಜೇನಿನಲ್ಲಿ ರೋಗಾಣುಗಳ ಬೀಜಕಣಗಳಿರಬಹುದು. ಅದನ್ನು ಆಳವಾದ ಹುಣ್ಣಿಗೆ ಸುರಿಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಎಂಥ ಜೇನು ಹಚ್ಚಿದರೂ ಅಜ್ಜಿ ಅದೇ ಹುಣ್ಣಿನ ಮೇಲೆ ಮಲಗಿದ್ದರೆ ಅದು ಮಾಯುವುದಿಲ್ಲ.

ತಟ್ಟೆಯಲ್ಲಿರುವ ಮದ್ದು

ಗಾಯ ತುಂಬುವುದೆಂದರೆ ಹೊಸ ಗೋಡೆ ಕಟ್ಟಿದಂತೆ. ಇಟ್ಟಿಗೆ ಬೇಕು. ಆ ಇಟ್ಟಿಗೆ ಪ್ರೋಟೀನ್. ಹುಣ್ಣಿರುವ ಹಿರಿಯರಿಗೆ ಮೈತೂಕದ ಕಿಲೋ ಒಂದಕ್ಕೆ ದಿನಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕೆಂಬುದು ತಜ್ಞರ ಸಲಹೆ. 45 ಕಿಲೋ ತೂಕದ ಅಜ್ಜಿಗೆ ಕನಿಷ್ಠ 56 ಗ್ರಾಂ ಆಯಿತು. ಅಂಬಲಿ, ಅನ್ನ ತಿಳಿಸಾರಿನಲ್ಲಿ ಇದು ಸಿಗುವುದಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚು ಕಡಿಮೆ ಅಷ್ಟೇ, 100 ಗ್ರಾಂ ತೊಗರಿಬೇಳೆಯಲ್ಲಿ 22 ಗ್ರಾಂ, 100 ಗ್ರಾಂ ಶೇಂಗಾದಲ್ಲಿ 25 ಗ್ರಾಂ ಇದೆ. ಹಲ್ಲಿಲ್ಲದವರಿಗೆ ಶೇಂಗಾ ನುಣ್ಣಗೆ ಪುಡಿಮಾಡಿ, ರೊಟ್ಟಿಯನ್ನು ಬೇಳೆಯ ಕಟ್ಟಿನಲ್ಲಿ ನೆನೆಸಿ ಕೊಡಬಹುದು. "ಹುಣ್ಣಿಗೆ ಬೇಳೆ ನಂಜು, ಮೊಟ್ಟೆ ನಂಜು" ಎಂದು ಪಥ್ಯ ಹಿಡಿಸುವುದು ಕಟ್ಟಡದ ಕೆಲಸದ ನಡುವೆ ಇಟ್ಟಿಗೆ ಬಂಡಿಯನ್ನು ವಾಪಸು ಕಳಿಸಿದಂತೆ. ಮೂತ್ರಪಿಂಡದ ತೊಂದರೆಯಿದ್ದವರು ಮಾತ್ರ ವೈದ್ಯರನ್ನು ಕೇಳಿ ಪ್ರಮಾಣ ಗೊತ್ತುಮಾಡಿಕೊಳ್ಳಬೇಕು. ಸಕ್ಕರೆ ಹತೋಟಿಯಲ್ಲಿರಬೇಕು, ಬೀಡಿ ತಂಬಾಕು ಬಿಡಬೇಕು ಎಂದು ಬೇರೆ ಹೇಳಬೇಕಿಲ್ಲ.

ಮನೆ ಆರೈಕೆಗೂ ಎಲ್ಲೆಯಿದೆ. ಜ್ವರ ಬಂದರೆ, ಸುತ್ತಲಿನ ಊತ ಹಬ್ಬಿದರೆ, ದುರ್ವಾಸನೆ ಹೆಚ್ಚಿದರೆ, ಹುಣ್ಣಿನ ತಳ ಕಪ್ಪಾದರೆ ಅಥವಾ ಮೂಳೆ ಕಂಡರೆ, ಮಾತಾಡುತ್ತಿದ್ದ ಹಿರಿಯರು ಇದ್ದಕ್ಕಿದ್ದಂತೆ ಮಂಕಾದರೆ ಅಥವಾ ತಡಬಡಿಸಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ವಯಸ್ಸಾದವರಲ್ಲಿ ಸೋಂಕು ರಕ್ತಕ್ಕೆ ಸೇರಿದರೂ ಜ್ವರವೇ ಕಾಣಿಸದಿರಬಹುದು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಂತೂ ಎಷ್ಟೇ ಚಿಕ್ಕದಿರಲಿ, ಮೊದಲ ದಿನವೇ ತೋರಿಸಬೇಕು. ಊರಿನ ಆಶಾ ಕಾರ್ಯಕರ್ತೆಗೆ, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗೆ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆಂದು ತಿಳಿಸಿಟ್ಟರೆ ಪಟ್ಟಿ ಕಟ್ಟುವ ಕ್ರಮವನ್ನು ಅವರಿಂದ ನೋಡಿ ಕಲಿಯಬಹುದು. 2024ರಲ್ಲಿ ರಾಜ್ಯದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆಯ ಉದ್ದೇಶವೂ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಮನೆ ಬಾಗಿಲಿನಲ್ಲೇ ಗುರುತಿಸುವುದು.

ಹುಣ್ಣು ಕಂಡೊಡನೆ "ಏನು ಹಚ್ಚೋಣ?" ಎಂದು ಕೇಳುವುದು ನಮಗೆಲ್ಲ ರೂಢಿ. ಅದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಅದರ ಮೇಲೆ ಏನು ಬಿದ್ದಿದೆ, ಅದನ್ನು ಹೇಗೆ ಇಳಿಸೋಣ? ಈ ಪ್ರಶ್ನೆ ಕೇಳಲು ಡಿಗ್ರಿ ಬೇಕಿಲ್ಲ, ಹಣವೂ ಬೇಕಿಲ್ಲ. ಒತ್ತಡದ ಪಾಠ ಓದಿದ ಹುಡುಗಿ ಶಾಲೆಯಿಂದ ಬಂದವಳೇ ಚೀಲ ಕೆಳಗಿಟ್ಟು, "ಅಜ್ಜಿ, ಈ ಕಡೆ ಹೊರಳೋ ಹೊತ್ತಾತು ನೋಡು" ಎಂದು ದಿಂಬು ಸರಿಪಡಿಸಿ ಗೋಡೆಯ ಹಾಳೆಯ ಮೇಲೊಂದು ಗೆರೆ ಎಳೆದರೆ, ಆ ದಿನದ ವಿಜ್ಞಾನದ ಪಾಠ ಪೂರ್ತಿಯಾದಂತೆ.